ಚಾಳೀಸು ಬಂದ ಮೇಲೆ ಪಾದಕ್ಕೆ ಎಣ್ಣೆ

ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ 22 ವರ್ಷಗಳಿಂದ ಕುಪ್ಪಸ ಹೊಲಿಯುತ್ತಿದ್ದೇನೆ. 43ಕ್ಕೆ ಚಾಳೀಸು ಬಂತು. 48ಕ್ಕೆ ಮುಟ್ಟು ಏರುಪೇರಾಯಿತು. ರಾತ್ರಿ ಎರಡಕ್ಕೆ ಎದೆಯಿಂದ ನೆತ್ತಿಯವರೆಗೆ ಬಿಸಿ ಏರಿ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಮಲಗಿದಲ್ಲೇ ಮೊಬೈಲ್ ನೋಡುತ್ತಿದ್ದೆ. ಮರುದಿನ ಖಣದ ಅಂಚು ಕೂಡಿಸುವಾಗ ಕಣ್ಣಲ್ಲಿ ಉಸುಕು ಬಿದ್ದಂತೆ ಚುಚ್ಚುತ್ತಿತ್ತು.

ಮೊದಲು ದವಾಖಾನೆಗೆ ಹೋಗಿ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿಯಿತ್ತು, ರಕ್ತ ಕಡಿಮೆ ಇದ್ದುದರಿಂದ ಗುಳಿಗೆ ಕೊಟ್ಟರು. ಯಾರೇ ಆಗಲಿ, ಇದನ್ನು ಮುಗಿಸಿಯೇ ಮುಂದಕ್ಕೆ ಹೋಗಬೇಕು. ಆಮೇಲೆ ಕಂಡ ಆಯುರ್ವೇದ ವೈದ್ಯರು ನಾಡಿ ಹಿಡಿದು, "ದಿನವಿಡೀ ಕಣ್ಣಿಗೆ, ಕಿವಿಗೆ, ನಾಲಿಗೆಗೆ ಏನೇನು ಕೊಡುತ್ತೀರಿ ತಾಯಿ?" ಎಂದು ಕೇಳಿದರು. ಇಂದ್ರಿಯಕ್ಕೆ ಅತಿಯಾಗಿ ಉಣಿಸಿದರೆ ಅತಿಯೋಗ, ಸಾಲದಾದರೆ ಹೀನಯೋಗ, ಸಲ್ಲದ್ದನ್ನು ಕೊಟ್ಟರೆ ಮಿಥ್ಯಾಯೋಗ. ಚರಕ ಸಂಹಿತೆ ಇವನ್ನೂ ರೋಗದ ಕಾರಣಗಳಲ್ಲಿ ಎಣಿಸುತ್ತದೆ ಎಂದರು. ನಡುವಯಸ್ಸಿನ ಪಿತ್ತ ಇಳಿದು ಮುಪ್ಪಿನ ವಾತ ಏರುವ ಹೊಸ್ತಿಲಲ್ಲಿ ಉರಿಯೂ ಒಣಗುವಿಕೆಯೂ ಒಟ್ಟಿಗೇ ಕಾಡುತ್ತವೆ ಎಂದೂ ಬಿಡಿಸಿ ಹೇಳಿದರು. ನಾನೋ ಎಂಟು ತಾಸು ಮೋಟಾರಿನ ಗುಂಯ್‌ ಸದ್ದು ಕೇಳುತ್ತಿದ್ದೆ, ಅದರ ಮೇಲೆ ಟಿವಿ, ಎರಡೂ ಹೊತ್ತು ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ.

ಪಾದಾಭ್ಯಂಗದಿಂದ, ಅಂದರೆ ಪಾದಕ್ಕೆ ಎಣ್ಣೆ ತಿಕ್ಕುವುದರಿಂದ, ದೃಷ್ಟಿ ತಿಳಿಯಾಗುತ್ತದೆ ಎಂದು ವೈದ್ಯರು ಹೇಳಿದಾಗ ನಂಬಿಕೆ ಬರಲಿಲ್ಲ. ಅತ್ತೆಗೆ ಹೇಳಿದೆ. "ಬಾಣಂತಿಯಾಗಿದ್ದಾಗ ಹಚ್ಚಿದ್ದೇ ಕೊನೆ, ಆಮೇಲೆ ನಿನ್ನ ಕಾಲು ಎಣ್ಣೆ ಕಂಡಿಲ್ಲವಲ್ಲವ್ವಾ" ಎಂದು ತಾವೇ ಬಟ್ಟಲು ತಂದರು. ಎರಡು ಚಮಚ ಎಳ್ಳೆಣ್ಣೆ. ಬಟ್ಟಲನ್ನು ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡುತ್ತೇನೆ. ಪೆಡಲ್ ಒತ್ತಿ ಒತ್ತಿ ನನ್ನ ಬಲಗಾಲಿನ ಅಂಗಾಲು ಹಲಗೆಯಂತಾಗಿತ್ತು. ಹಿಮ್ಮಡಿಯ ಬಿರುಕಿಗೆ ಸೀರೆಯ ಎಳೆ ಸಿಕ್ಕುತ್ತಿತ್ತು. ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳುಗಳವರೆಗೆ ಒತ್ತಿ ಎಳೆದರೆ ಮೊದಲ ವಾರ ಎಣ್ಣೆ ಹಚ್ಚಿದ ಗುರುತೇ ಉಳಿಯುತ್ತಿರಲಿಲ್ಲ, ಚರ್ಮ ಅಷ್ಟು ಹೀರುತ್ತಿತ್ತು. ಒಂದೊಂದು ಕಾಲಿಗೆ ಐದು ನಿಮಿಷ. ಆಮೇಲೆ ಹಳೆಯ ಧೋತರದ ತುಂಡಿನಿಂದ ಒರೆಸಲೇಬೇಕು, ಪರಸಿಕಲ್ಲಿನ ಮೇಲೆ ಕಾಲು ಜಾರುತ್ತದೆ. ನೆಗಡಿ, ಅಜೀರ್ಣ ಇದ್ದ ದಿನ ಹಚ್ಚುವುದಿಲ್ಲ.

ರಂಜಕ ಈಗ ಮಧ್ಯಾಹ್ನಕ್ಕೆ ಮಾತ್ರ. ರಾತ್ರಿ ರೊಟ್ಟಿ, ಹೆಸರುಬೇಳೆ, ತುಪ್ಪ. ಕುಡಿಯುವ ನೀರಿನ ಕೊಡದಲ್ಲಿ ಲಾವಂಚದ ಬೇರು ಹಾಕುತ್ತೇನೆ. ಗದಗಿನ ಬೇಸಿಗೆಯಲ್ಲಿ ಲೋಟ ಎತ್ತುವಾಗಲೇ ಆ ತಂಪು ಮೂಗಿಗೆ ಸಿಗುತ್ತದೆ.

ಕಿವಿಯ ಪಾಠ ಸಿಕ್ಕಿದ್ದು ವೀರೇಶ್ವರ ಪುಣ್ಯಾಶ್ರಮದಲ್ಲಿ. ಅಂಧ ಮಕ್ಕಳು ಸಂಗೀತ ಕಲಿಯುವ ಜಾಗವದು. ಒಂದು ದಿನ ದರ್ಶನಕ್ಕೆ ಹೋದಾಗ ಒಬ್ಬ ಹುಡುಗ ಒಂದೇ ಸ್ವರವನ್ನು ಮತ್ತೆ ಮತ್ತೆ ಹಿಡಿದು ನಿಲ್ಲುತ್ತಿದ್ದ. ನಾನೂ ಕಣ್ಣು ಮುಚ್ಚಿ ಕುಳಿತೆ. ಅಂದಿನಿಂದ ಹೊಲಿಯುವಾಗ ಟಿವಿ ಹಚ್ಚುವುದಿಲ್ಲ. ತಾಸಿಗೊಮ್ಮೆ ಮಷಿನ್ ನಿಲ್ಲಿಸಿ ಎರಡು ನಿಮಿಷ ಕಣ್ಣು ಮುಚ್ಚುತ್ತೇನೆ.

ಎಂಟು ತಿಂಗಳಾಯಿತು. ಬಿಸಿ ಏರುವುದು ಪೂರ್ತಿ ನಿಂತಿಲ್ಲ, ಆದರೆ ಏರಿ ಇಳಿದ ಮೇಲೆ ಮತ್ತೆ ನಿದ್ದೆ ಹತ್ತುತ್ತದೆ. ಚಾಳೀಸಿನ ನಂಬರ್ ಇದ್ದಷ್ಟೇ ಇದೆ. ಸಂಜೆ ಕಣ್ಣು ಚುಚ್ಚುವುದು ಮಾತ್ರ ಹೋಯಿತು. ಅದರಲ್ಲಿ ಎಣ್ಣೆಯ ಪಾಲೂ ಇರಬಹುದು, ರಾತ್ರಿ ಮೊಬೈಲನ್ನು ಅಡುಗೆಮನೆಯ ಮಾಡದಲ್ಲಿ ಇಟ್ಟು ಮಲಗುವುದರ ಪಾಲೂ ಇದೆ.