ಕಣ್ಣಿನ ಸುತ್ತ ನೋವಿಲ್ಲದ ಗಂಟು: ಪರೀಕ್ಷಿಸಿಕೊಳ್ಳುವುದು ಹೇಗೆ?

ಕಣ್ಣುಕುಟಿಕೆ ಕೆಂಪಾಗಿ ನೋಯುವುದರಿಂದ ಅದನ್ನು ಯಾರೂ ಅಲಕ್ಷಿಸುವುದಿಲ್ಲ. ನೋಯದ ಗಂಟನ್ನಾದರೆ ತಿಂಗಳುಗಟ್ಟಲೆ ಹಾಗೆಯೇ ಬಿಡುತ್ತಾರೆ. ಇಂಥ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿಗಳೇ. ಆದರೆ ರೆಪ್ಪೆಯ ಕ್ಯಾನ್ಸರ್ ಕೂಡ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲವಾದ್ದರಿಂದ, ಗಂಟಿನ ಜಾಗ, ಬಣ್ಣ ಮತ್ತು ಅವಧಿಯನ್ನು ಗಮನಿಸಬೇಕು.

ಮೊದಲು ಕೈ ತೊಳೆದು, ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಗಂಟು ಎಲ್ಲಿದೆ ಎಂದು ನೋಡಿ. ರೆಪ್ಪೆಯೊಳಗೆ ಬಟಾಣಿಯಂತೆ ಗಟ್ಟಿಯಾಗಿ ಸಿಕ್ಕಿ, ಮೇಲಿನ ಚರ್ಮ ಸಲೀಸಾಗಿ ಜಾರಿದರೆ ಅದು ಕಲೇಜಿಯನ್ ಇರಬಹುದು. ಕಣ್ಣೀರು ಬೇಗ ಆರದಂತೆ ಎಣ್ಣೆಯಂಶ ಒದಗಿಸುವ ಮೈಬೋಮಿಯನ್ ಗ್ರಂಥಿಯ ಬಾಯಿ ಕಟ್ಟಿಕೊಂಡಾಗ, ಒಳಗುಳಿದ ಜಿಡ್ಡಿನ ಸುತ್ತ ಈ ಊತ ಬೆಳೆಯುತ್ತದೆ. ಮಗುವಿನ ಹುಬ್ಬಿನ ಹೊರತುದಿಯಲ್ಲಿ ಹುಟ್ಟಿನಿಂದಲೇ ಇರುವ ಗಂಟು ಡರ್ಮಾಯ್ಡ್ ಎಂಬ ಚೀಲದಂಥ ಗಂಟಾಗಿರಬಹುದು. ಅದನ್ನು ಒತ್ತದೆ ವೈದ್ಯರಿಗೆ ತೋರಿಸಿ.

ಅನಂತರ ಬಣ್ಣ ನೋಡಿ. ಮೂಗಿನ ಪಕ್ಕದ ಮೂಲೆಯಲ್ಲಿ ಹಳದಿ ಬಣ್ಣದ ಚಪ್ಪಟೆ ಉಬ್ಬು ಕಂಡರೆ ಅದು ಚರ್ಮದಡಿ ಕೊಲೆಸ್ಟ್ರಾಲ್ ಸೇರಿ ಆಗುವ ಕ್ಸಾಂಥೆಲಾಸ್ಮಾ. ಅದು ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿರುತ್ತದೆ. ಹೀಗಿರುವಾಗ ಲಿಪಿಡ್ ಪರೀಕ್ಷೆ ಮಾಡಿಸದೆ ಅಂದಕ್ಕಾಗಿ ಮಾತ್ರ ಅದನ್ನು ತೆಗೆಸಿಕೊಳ್ಳುವುದು ಅರೆಬರೆ ಕೆಲಸವೇ ಸರಿ. 1–2 ಮಿಲಿಮೀಟರಿನ ಬಿಳಿ ಕಾಳುಗಳು ಮಿಲಿಯಾ. ಕೆಳರೆಪ್ಪೆಯಲ್ಲಿ ಗುಂಪಾಗಿರುವ, ಚರ್ಮದ್ದೇ ಬಣ್ಣದ ಗುಳ್ಳೆಗಳು ಬೆವರುನಾಳದಿಂದ ಹುಟ್ಟುವ ಸಿರಿಂಗೋಮಾ. ನಡುವೆ ಕುಳಿಯಿರುವ ಗುಳ್ಳೆ ಮೊಲಸ್ಕಮ್ ಎಂಬ ವೈರಸ್ ಸೋಂಕಿನದಿರಬಹುದು. ಅಂಥವರ ಟವೆಲನ್ನು ಬೇರೆಯವರು ಬಳಸಬಾರದು.

ಯಾವುದೇ ಗಂಟನ್ನು ಹಿಸುಕಬೇಡಿ, ಸೂಜಿಯಿಂದ ಚುಚ್ಚಬೇಡಿ. ಸುಣ್ಣ ಹಚ್ಚುವ ರೂಢಿಯಂತೂ ಕಣ್ಣಿನ ಬಳಿ ಬೇಡವೇ ಬೇಡ, ಅದು ಕರಿಗುಡ್ಡೆಯನ್ನೇ ಸುಟ್ಟೀತು. ಕಲೇಜಿಯನ್ ಎನಿಸಿದರೆ ಶುದ್ಧ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿ, ಒಳಮುಂಗೈಗೆ ತಾಗಿಸಿ ಹದ ನೋಡಿಕೊಂಡು, ಮುಚ್ಚಿದ ಕಣ್ಣಿನ ಮೇಲೆ 10 ನಿಮಿಷ ಇಡಿ. ದಿನಕ್ಕೆ ಮೂರು–ನಾಲ್ಕು ಬಾರಿ ಹೀಗೆ ಶಾಖ ಕೊಟ್ಟು, ಪ್ರತಿ ಬಾರಿಯೂ ರೆಪ್ಪೆಗೂದಲಿನ ಅಂಚಿನ ಕಡೆಗೆ ಮೆಲ್ಲಗೆ ನೀವಿ.

ಒಂದು ತಿಂಗಳಾದರೂ ಗಂಟು ಇಳಿಯದಿದ್ದರೆ, ಅಥವಾ ದೃಷ್ಟಿ ಮಂಜಾದರೆ ನೇತ್ರವೈದ್ಯರನ್ನು ಕಾಣಿರಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ, ಅಲ್ಲಿನ ರೆಪ್ಪೆಗೂದಲು ಉದುರಿದರೆ, ಹುಣ್ಣಾಗಿ ರಕ್ತ ಒಸರಿದರೆ ತಡಮಾಡಬೇಡಿ. ಪಾಶ್ಚಾತ್ಯ ದೇಶಗಳಿಗಿಂತ ಭಾರತದ ರೆಪ್ಪೆ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಪಾಲು ಪಡೆದಿರುವ ಸೆಬೇಶಿಯಸ್ ಕಾರ್ಸಿನೋಮಾ (ಎಣ್ಣೆಗ್ರಂಥಿಯ ಕ್ಯಾನ್ಸರ್) ಕಲೇಜಿಯನ್‌ನಂತೆಯೇ ತೋರಿ ದಾರಿ ತಪ್ಪಿಸುವುದುಂಟು. ಆದ್ದರಿಂದ ನಡುವಯಸ್ಸು ದಾಟಿದವರು, ಮರುಕಳಿಸಿದ ಗಂಟನ್ನು ತೆಗೆಸಿಕೊಂಡಾಗ, ಅದನ್ನು ಬಯಾಪ್ಸಿಗೆ ಕಳುಹಿಸಲಾಗಿದೆಯೇ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು.