ಫಾಲ್ಸ್-ಪಿಕೋ ದುಡ್ಡು ಪಿಗ್ಮಿಗೆ: ದಿನವೂ ಉಳಿಸಿದ ನನ್ನ ಅನುಭವ

ತೀರ್ಥಹಳ್ಳಿ ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಶಾಲೆ ಯೂನಿಫಾರ್ಮ್, ಸೀರೆಗೆ ಫಾಲ್ಸ್-ಪಿಕೋ, ಇಷ್ಟೇ ಕೆಲಸ. ದುಡ್ಡು ಉಳಿಸುವ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ತಿಂಗಳ ಸಂಬಳದವರಿಗೆ. 'ಸಂಬಳ ಬಂದ ಕೂಡಲೇ ಇಷ್ಟು ತೆಗೆದಿಡಿ' ಅನ್ನುತ್ತಾರೆ. ನಮಗೆ ಸಂಬಳದ ದಿನ ಅಂತಲೇ ಇಲ್ಲವಲ್ಲ! ಮದುವೆ ಸೀಸನ್ನಿನಲ್ಲಿ ರಾತ್ರಿಯಾದರೂ ಮಷಿನ್ ನಿಲ್ಲುವುದಿಲ್ಲ. ಆಷಾಢ ಬಂತೆಂದರೆ ಮದುವೆಯೂ ಇಲ್ಲ, ಆ ಮಳೆಯಲ್ಲಿ ಜನ ಪೇಟೆ ಕಡೆ ಬರುವುದೂ ಕಡಿಮೆ. ಹೀಗೆ ಏರಿಳಿಯುವ ಆದಾಯದಲ್ಲಿ ತಿಂಗಳ ಕೊನೆಗೆ ಉಳಿಸೋಣ ಅಂದರೆ ಏನೂ ಉಳಿಯುವುದಿಲ್ಲ. ದಿನದ ದುಡಿಮೆಯಲ್ಲಿ ಆ ದಿನವೇ ತೆಗೆದಿಡಬೇಕು. ನನಗೆ ಅದನ್ನು ಸಾಧ್ಯ ಮಾಡಿಕೊಟ್ಟಿದ್ದು ಪಿಗ್ಮಿ, ಅಂದರೆ ಏಜೆಂಟರ ಕೈಗೆ ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿ.

ಪಿಗ್ಮಿ ನಮ್ಮ ನಾಡಿನದೇ ಯೋಜನೆ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ತಂದಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದೇ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕ್ ಅದು. ಏಜೆಂಟರು ಮನೆ ಬಾಗಿಲಿಗೆ ಹೋಗಿ ದಿನಕ್ಕೆ 2 ಆಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ನಮ್ಮ ಪೇಟೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಅಂದಿನ ನೇಕಾರರ ಹಾಗೆಯೇ ದಿನಗಳಿಕೆಯವಳು ನಾನು, ಆ ಯೋಜನೆ ನನಗೂ ಸರಿಯಾಗಿ ಒಗ್ಗಿತು.

ನಾನು ಇಟ್ಟುಕೊಂಡ ಪದ್ಧತಿ ಇದು. ಹೊಲಿಗೆಯ ದುಡ್ಡು ಮನೆಗೆ ಮತ್ತು ಅಂಗಡಿಗೆ. ಫಾಲ್ಸ್-ಪಿಕೋ ದುಡ್ಡು ಪೂರ್ತಿ ಪಿಗ್ಮಿಗೆ. ದಿನವೂ 'ಇವತ್ತು ಎಷ್ಟು ಉಳಿಸಲಿ' ಅಂತ ಯೋಚಿಸುತ್ತಾ ಕೂತರೆ ಉಳಿಸದೇ ಇರಲು ಒಂದಲ್ಲ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಒಂದು ಕೆಲಸದ ಗಳಿಕೆಯನ್ನೇ ಬೇರೆ ಮಾಡಿಬಿಟ್ಟರೆ ಆ ಯೋಚನೆಯೇ ಇಲ್ಲ. ಕೆಲಸ ಇಲ್ಲದ ದಿನವೂ ಬಿಡುವುದಿಲ್ಲ. ಪಿಗ್ಮಿಯವರು ಸಂಜೆ ಬಂದು "ಅಕ್ಕಾ, ಇವತ್ತು ಎಷ್ಟು?" ಅಂದಾಗ, "ಬೋಣಿಯೇ ಆಗಿಲ್ಲ ಮಾರಾಯ, 20 ಬರ್ಕೋ" ಅಂದ ದಿನಗಳು ಬೇಕಾದಷ್ಟಿವೆ. ಆ 20 ರೂಪಾಯಿಯಿಂದ ಶ್ರೀಮಂತರಾಗುವುದಿಲ್ಲ, ಗೊತ್ತು. ಆದರೆ ಕೈತಪ್ಪಿದ ಅಭ್ಯಾಸವನ್ನು ಮತ್ತೆ ಹಿಡಿಯುವುದು ಬಹಳ ಕಷ್ಟ. ಹಾಗಾಗಿ ಮೊತ್ತ ಎಷ್ಟಾದರೂ ಸರಿ, ಸೊನ್ನೆ ಮಾತ್ರ ಬೇಡ ಅಂತ ಹಟ ಹಿಡಿದೆ.

ಈಗ ಗಿರಾಕಿಗಳು ನೋಟು ಕೊಡುವುದೇ ಅಪರೂಪ. ದುಡ್ಡು ಫೋನಿಗೇ ಬರುತ್ತದೆ, ಫೋನಿನಿಂದಲೇ ಹೋಗುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ನೋಟು ಕರಗುವುದು ಕಣ್ಣಿಗೆ ಕಾಣುತ್ತಿತ್ತು, ಇದು ಕಾಣುವುದಿಲ್ಲ. ಅದಕ್ಕೇ ಅಂಗಡಿಯ ಕ್ಯೂಆರ್ ಕೋಡನ್ನು ಬೇರೆ ಖಾತೆಗೆ ಜೋಡಿಸಿದೆ. ಆ ಖಾತೆಯಿಂದ ವಾರಕ್ಕೊಮ್ಮೆ ಮನೆಖರ್ಚಿಗೆ ಇಷ್ಟು ಅಂತ ನನ್ನ ಖಾತೆಗೆ ಹಾಕಿಕೊಳ್ಳುತ್ತೇನೆ. ನೂಲು, ಲೈನಿಂಗ್, ಹುಕ್ಕಿನ ದುಡ್ಡು ಅಂಗಡಿ ಖಾತೆಯಿಂದಲೇ ಹೋಗುತ್ತದೆ. ಯಾವ ಕೆಲಸದಲ್ಲಿ ನಿಜವಾಗಿ ಲಾಭ ಇದೆ ಅಂತ ತಿಳಿದದ್ದೂ ಇದರಿಂದಲೇ. ಆಲ್ಟರೇಷನ್‌ಗೆ ನಾನು ತೀರಾ ಕಡಿಮೆ ತೆಗೆದುಕೊಳ್ಳುತ್ತಿದ್ದೆ, ಲೆಕ್ಕ ನೋಡಿದ ಮೇಲೆ ದರ ಏರಿಸಿದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಪಿಗ್ಮಿ ದುಡ್ಡು ಕೂಡಿಸಲು ಒಳ್ಳೆಯದು, ಬೆಳೆಸಲು ಅಲ್ಲ. ಮನೆಬಾಗಿಲಿಗೆ ಬರುವ ಏಜೆಂಟರಿಗೆ ಕಮಿಷನ್ ಕೊಡಬೇಕಾದ್ದರಿಂದ ಬಡ್ಡಿ ಕಡಿಮೆ. ಅವಧಿಗೆ ಮುಂಚೆ ಮುರಿಸಿದರೆ ಎಷ್ಟೋ ಕಡೆ ಅಸಲಿನಲ್ಲೇ ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಅದಕ್ಕೇ ವರ್ಷ ತುಂಬುತ್ತಿದ್ದಂತೆ ತೆಗೆದು ಬೇರೆ ಕಡೆ ಹಾಕಬೇಕು. ಮೊದಲ ವರ್ಷಗಳ ಪಿಗ್ಮಿ ದುಡ್ಡನ್ನು ನಾನು ಆಷಾಢಕ್ಕೆಂದೇ ಇಟ್ಟೆ. ಮೂರು ತಿಂಗಳ ಮನೆಖರ್ಚಾಗುವಷ್ಟು ಕೂಡುವವರೆಗೂ ಅದನ್ನು ಬೇರೆ ಯಾವುದಕ್ಕೂ ಮುಟ್ಟಲಿಲ್ಲ. ನಮ್ಮ ಕಡೆ ಕೈಸಾಲಕ್ಕೆ ನೂರಕ್ಕೆ 3 ರೂಪಾಯಿ ಬಡ್ಡಿ ಅನ್ನುತ್ತಾರಲ್ಲ, ಅದು ತಿಂಗಳಿಗೆ. ವರ್ಷಕ್ಕೆ ಶೇ. 36 ಆಯಿತು! ಯಾವ ಉಳಿತಾಯವೂ ಅಷ್ಟು ಬಡ್ಡಿ ಕೊಡುವುದಿಲ್ಲ. ಹೆಣ್ಣುಮಕ್ಕಳು ಅಂಥ ಸಾಲದ ಬಡ್ಡಿ ಕಟ್ಟಿ ಕಟ್ಟಿಯೇ ಸೋತುಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಓವರ್‌ಲಾಕ್ ಮಷಿನ್ನಿನ ಮೋಟರ್ ಸುಟ್ಟಾಗ ನಾನು ಯಾರ ಮುಂದೆಯೂ ಕೈ ಚಾಚದೆ ಮಾರನೇ ದಿನವೇ ಹೊಸದು ಹಾಕಿಸಿದೆ. ನನ್ನ ಮಟ್ಟಿಗೆ ಉಳಿತಾಯದ ದೊಡ್ಡ ಲಾಭ ಅದೇ.

ಆ ಬುಡ ಗಟ್ಟಿಯಾದ ಮೇಲೆ ಅಂಚೆ ಕಚೇರಿಯಲ್ಲಿ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆ ತೆರೆದೆ. ಅದು 15 ವರ್ಷದ್ದು. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಬೇಕು, ಗರಿಷ್ಠ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. 2020ರ ಏಪ್ರಿಲ್‌ನಿಂದ ಬಡ್ಡಿ ಶೇ. 7.1ಕ್ಕೆ ಇಳಿಯಿತು. ಪ್ರತಿ ತಿಂಗಳು 5ನೇ ತಾರೀಕಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಕಡಿಮೆ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಪಿಗ್ಮಿ ಮಾರ್ಚ್‌ನಲ್ಲಿ ಮುಗಿಯುವ ಹಾಗೆ ನೋಡಿಕೊಂಡು, ಏಪ್ರಿಲ್ 5ರ ಒಳಗೆ ಅಷ್ಟನ್ನೂ ಪಿಪಿಎಫ್‌ಗೆ ಕಟ್ಟುತ್ತೇನೆ. ಆಗ ಇಡೀ ವರ್ಷದ ಬಡ್ಡಿ ಸಿಗುತ್ತದೆ. ಲೆಕ್ಕ ನೋಡಿ: ದಿನಕ್ಕೆ 100 ರೂಪಾಯಿ, ವರ್ಷದಲ್ಲಿ 300 ದಿನ ಅಂದರೆ 30 ಸಾವಿರ. ಹೀಗೆ 15 ವರ್ಷ ಕಟ್ಟಿದರೆ ನಮ್ಮ ಕೈಯಿಂದ ಹೋಗುವುದು ನಾಲ್ಕೂವರೆ ಲಕ್ಷ. ಬಡ್ಡಿ ಇದೇ ದರದಲ್ಲಿ ಉಳಿದರೆ ಬರುವುದು ಸುಮಾರು 8 ಲಕ್ಷ 13 ಸಾವಿರ. ತುರ್ತು ಬಂದರೆ 7ನೇ ವರ್ಷದಿಂದ ಒಂದು ಭಾಗ ತೆಗೆಯಲೂ ಅವಕಾಶ ಇದೆ.

ಪಿಗ್ಮಿ ಕಟ್ಟುವವರು ಯಾರ ಹತ್ತಿರ ಕಟ್ಟುತ್ತಿದ್ದೀರಿ ಅಂತ ದಯವಿಟ್ಟು ನೋಡಿಕೊಳ್ಳಿ. ಬ್ಯಾಂಕು ಮತ್ತು ಸಹಕಾರಿ ಬ್ಯಾಂಕಿನ ಠೇವಣಿಗೆ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇರುತ್ತದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ 'ಸಹಕಾರಿ' ಅಂತ ಇದ್ದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ಸಂಘದಲ್ಲಿ ಕಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ, ನಮ್ಮೂರಲ್ಲಿ ಚೆನ್ನಾಗಿ ನಡೆಯುವ ಸಂಘಗಳಿವೆ. ಆದರೆ ಇಡೀ ಬದುಕಿನ ಉಳಿತಾಯವನ್ನು ಅಲ್ಲೇ ಇಡಬೇಡಿ. ಏಜೆಂಟರು ಎಷ್ಟೇ ಪರಿಚಯದವರಾದರೂ ದಿನವೂ ಅವರ ಪಿಗ್ಮಿ ಮಷಿನ್ನಿನ ಚೀಟಿ ಅಥವಾ ಮೆಸೇಜ್ ನೋಡಿಕೊಳ್ಳಿ. ಆಗಾಗ ಬ್ಯಾಂಕಿಗೇ ಹೋಗಿ ಖಾತೆಯಲ್ಲಿ ಎಷ್ಟಿದೆ ಅಂತ ವಿಚಾರಿಸಿ. ಒಳ್ಳೆಯ ಏಜೆಂಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೇ ಕೊನೆಗೆ ಇನ್ನೊಂದು ಸಣ್ಣ ಕೆಲಸ. ಉಳಿತಾಯ ಖಾತೆಯಲ್ಲಿ 456 ರೂಪಾಯಿ ಇದೆಯಾ ಅಂತ ನೋಡುವುದು. ಅದರಲ್ಲಿ 436 ಪ್ರಧಾನ ಮಂತ್ರಿ ಜೀವನ ಜ್ಯೋತಿ ಜೀವವಿಮೆಗೆ, 20 ಪ್ರಧಾನ ಮಂತ್ರಿ ಸುರಕ್ಷಾ ಅಪಘಾತ ವಿಮೆಗೆ. ಎರಡೂ 2 ಲಕ್ಷದವು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಕಂತು ಕಟ್ಟಾಗುವುದಿಲ್ಲ, ವಿಮೆ ನಿಂತುಹೋಗುತ್ತದೆ.

ಇದೆಲ್ಲವನ್ನೂ ಅಳತೆ ಬರೆಯುವ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಯಾವ ಖಾತೆ ಎಲ್ಲಿದೆ, ನಾಮಿನಿ ಯಾರು, ಯಾವುದು ಯಾವಾಗ ಮುಗಿಯುತ್ತದೆ, ಎಲ್ಲ ಅದರಲ್ಲಿದೆ. ನಮ್ಮ ಯಜಮಾನರಿಗೂ ಮಗಳಿಗೂ ಆ ಹಾಳೆ ತೋರಿಸಿದ್ದೇನೆ. ಮೊನ್ನೆ ಹಳೇ ಉಳಿತಾಯ ಖಾತೆಯೊಂದಕ್ಕೆ ನಾಮಿನಿಯೇ ಹಾಕಿಲ್ಲ ಅಂತ ಕಂಡುಹಿಡಿದವಳು ಮಗಳೇ. ಈ ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ.