ತೀವ್ರ ಲೇಸರ್ ಬಿದ್ದ ಲೋಹ ಏನಾಗುತ್ತದೆ: ಕಾಗದದ ಮೇಲೆ ಅಂದಾಜಿಸುವ ಕ್ರಮ

ಕೊಣಾಜೆಯಲ್ಲೋ ಸುರತ್ಕಲ್ಲಿನಲ್ಲೋ ಭೌತಶಾಸ್ತ್ರದ ಎಂ.ಎಸ್ಸಿ. ಓದುವವರು ನೂರು ಟೆರಾವಾಟ್ (ಒಂದು ಟೆರಾವಾಟ್ ಎಂದರೆ ಲಕ್ಷ ಕೋಟಿ ವಾಟ್) ಮಟ್ಟದ ಲೇಸರನ್ನು ಕಣ್ಣಾರೆ ಕಾಣಲು ಮುಂಬೈಗೋ ಇಂದೋರಿಗೋ ಹೋಗಬೇಕು. ಆದರೆ ಅದರ ಹೊಡೆತಕ್ಕೆ ಲೋಹದ ಹಾಳೆ ಏನಾಗುತ್ತದೆಂದು ಅಂದಾಜಿಸಲು ಸ್ಪಂದದ (ಕ್ಷಣಮಾತ್ರದ ಬೆಳಕಿನ ಮಿಡಿತದ) ಶಕ್ತಿ, ಅವಧಿ ಮತ್ತು ಅದು ಬೀಳುವ ಚುಕ್ಕೆಯ ವಿಸ್ತೀರ್ಣ ಗೊತ್ತಿದ್ದರೆ ಸಾಕು.

ಮೊದಲು ಶಕ್ತಿಯನ್ನು ಅವಧಿಯಿಂದ ಭಾಗಿಸಿ. 1 ಜೂಲ್ ಶಕ್ತಿ 25 ಫೆಮ್ಟೊಸೆಕೆಂಡಿನಲ್ಲಿ (ಒಂದು ಫೆಮ್ಟೊಸೆಕೆಂಡ್ ಎಂದರೆ 10⁻¹⁵ ಸೆಕೆಂಡ್) ಬಂದರೆ ಸಾಮರ್ಥ್ಯ 40 ಟೆರಾವಾಟ್. ಇಷ್ಟು ಚಿಕ್ಕ ಸ್ಪಂದವನ್ನು ನೇರವಾಗಿ ವರ್ಧಿಸಹೊರಟರೆ ವರ್ಧಕದ ಹರಳೇ ಸುಟ್ಟುಹೋಗುತ್ತದೆ. ಸ್ಪಂದವನ್ನು ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವ ಉಪಾಯವನ್ನು 1985ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ತೋರಿಸಿಕೊಟ್ಟರು. 2018ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿದ್ದು ಇದಕ್ಕೇ.

ಬಳಿಕ ವಿಸ್ತೀರ್ಣದಿಂದ ಭಾಗಿಸಿ. 10 ಮೈಕ್ರೋಮೀಟರ್ ವ್ಯಾಸದ ಚುಕ್ಕೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 5×10¹⁹ ವಾಟ್ ಬರುತ್ತದೆ. ಇದೇ ತೀವ್ರತೆ, ಮುಂದಿನ ತೀವ್ರತೆಗಳೆಲ್ಲ ಇದೇ ಮಾನದಲ್ಲಿವೆ. ಬೈಕಂಪಾಡಿಯ ವರ್ಕ್‌ಶಾಪೊಂದರಲ್ಲಿ ಉಕ್ಕು ಕತ್ತರಿಸುವ 2 ಕಿಲೋವಾಟ್ ಲೇಸರನ್ನು 0.1 ಮಿಲಿಮೀಟರ್ ಚುಕ್ಕೆಗೆ ಕೇಂದ್ರೀಕರಿಸಿದರೂ ಸಿಗುವುದು 2.5×10⁷ ಮಾತ್ರ. ಚುಕ್ಕೆಯ ಹೊರಗೆ ಸೋರಿಹೋಗುವ ಶಕ್ತಿಯನ್ನು ಕಳೆಯಲು ಮರೆಯಬೇಡಿ. ಅರ್ಧದಷ್ಟು ಹೋಗುವುದೂ ಉಂಟು.

800 ನ್ಯಾನೊಮೀಟರ್ ಬೆಳಕಿನಲ್ಲಿ ತೀವ್ರತೆ 2×10¹⁸ ದಾಟಿತೆಂದರೆ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಹತ್ತಿರಕ್ಕೆ ಬರುತ್ತದೆ. ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಮುಖ್ಯ ಸ್ಪಂದಕ್ಕಿಂತ ಕೆಲವು ನ್ಯಾನೊಸೆಕೆಂಡ್ ಮೊದಲೇ ಬರುವ ಮಂದ ಬೆಳಕು ಅದರ ಹತ್ತು ಲಕ್ಷದ ಒಂದು ಭಾಗದಷ್ಟೇ ಇದ್ದರೂ ಅದರ ತೀವ್ರತೆ 5×10¹³ ಆಗುತ್ತದೆ. ಲೋಹದ ಮೇಲ್ಮೈಯನ್ನು ಪ್ಲಾಸ್ಮಾ (ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಹೋದ ಬಿಸಿ ಅನಿಲ) ಮಾಡಲು ಅದು ಧಾರಾಳವಾಗಿ ಸಾಕು. ಹಾಗಾಗಿ ಮುಖ್ಯ ಸ್ಪಂದ ಎದುರಿಸುವುದು ಘನವಸ್ತುವನ್ನಲ್ಲ, ಅದರಿಂದ ಹೊರಚಿಮ್ಮಿದ ಪ್ಲಾಸ್ಮಾವನ್ನು. ಘನ ಸೆಂಟಿಮೀಟರಿಗೆ ಸುಮಾರು 1.7×10²¹ ಎಲೆಕ್ಟ್ರಾನುಗಳಿರುವ ಪದರದ ಬಳಿ ಬೆಳಕು ಹಿಂದಿರುಗುತ್ತದೆ, ಬಿಸಿ ಎಲೆಕ್ಟ್ರಾನುಗಳು ಮಾತ್ರ ಹಾಳೆಯನ್ನು ತೂರಿ ಹಿಂಬದಿಗೆ ಹೊರಡುತ್ತವೆ. ಅಲ್ಲಿ ಅವು ಹುಟ್ಟಿಸುವ ವಿದ್ಯುತ್ ಕ್ಷೇತ್ರ ಹಾಳೆಗೆ ಅಂಟಿದ ನೀರು ಮತ್ತು ಎಣ್ಣೆಯ ಪಸೆಯಿಂದ ಪ್ರೋಟಾನುಗಳನ್ನು ಕಿತ್ತು ಎಸೆಯುತ್ತದೆ. (ಈ ಪಸೆಗೆ ನಮ್ಮ ಕರಾವಳಿಯ ತೇವವೇನೂ ಬೇಕಿಲ್ಲ, ನಿರ್ವಾತ ಕೋಣೆಯಲ್ಲೂ ಅದು ಬಿಟ್ಟುಹೋಗುವುದಿಲ್ಲ.) ಈ ಪ್ರೋಟಾನುಗಳಿಂದ ಪ್ಲಾಸ್ಮಾದ ಒಳಗಿನ ಕ್ಷೇತ್ರಗಳ ಚಿತ್ರ ತೆಗೆಯುತ್ತಾರೆ, ಕ್ಯಾನ್ಸರ್ ಚಿಕಿತ್ಸೆಯ ಬಳಕೆ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಕಾರ್ಖಾನೆಯ ಕೆಲಸಕ್ಕೆ ಇಷ್ಟು ತೀವ್ರತೆ ಬೇಡ. ವಿಮಾನದ ಎಂಜಿನ್ ಬ್ಲೇಡುಗಳನ್ನು ಆಘಾತದಿಂದ ಗಟ್ಟಿಗೊಳಿಸುವಾಗ 10 ಜೂಲ್, 20 ನ್ಯಾನೊಸೆಕೆಂಡ್, 3 ಮಿಲಿಮೀಟರ್ ಚೌಕದ ಚುಕ್ಕೆ ಎಂದಿಟ್ಟು ಇದೇ ಲೆಕ್ಕ ಮಾಡಿದರೆ 5.6×10⁹ ಬರುತ್ತದೆ. ಬ್ಲೇಡಿನ ಮೇಲೆ ಹರಿಯುವ ತೆಳು ನೀರಿನ ಪದರ ಪ್ಲಾಸ್ಮಾವನ್ನು ಹಿಗ್ಗಲು ಬಿಡದೆ ಅದುಮಿಡುವುದರಿಂದ ಒತ್ತಡವೆಲ್ಲ ಲೋಹದೊಳಕ್ಕೇ ಇಳಿಯುತ್ತದೆ.